ಉತ್ತರ ಕನ್ನಡದ ಮನೆಗೆ ಯಾವ ಸಿಕ್ಲಿಡ್? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕರಾವಳಿಯಿಂದಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನಿಂದಲೂ ಸಿಕ್ಲಿಡ್ ಎಂಬ ಅಕ್ವೇರಿಯಂ ಮೀನನ್ನು ಮಧ್ಯಮ ಟ್ಯಾಂಕಿನಲ್ಲಿ ಸಾಕುವ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಮಧ್ಯಮ ಟ್ಯಾಂಕು ಅಂದರೆ ಇಲ್ಲಿ 3ರಿಂದ 4 ಅಡಿ ಉದ್ದದ್ದು, 150ರಿಂದ 250 ಲೀಟರ್ ಹಿಡಿಯುವಂಥದ್ದು. ಮೀನು ಆರಿಸುವ ಮೊದಲು ಮನೆಯ ನೀರು ಎಂಥದ್ದು ಎಂದು ನೋಡಿ, ಆ ಮೀನು ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತದೆ ಎಂದು ಕೇಳಿ. ಬಣ್ಣ ಆಮೇಲಿನ ಮಾತು.

## ಟ್ಯಾಂಕು ಕೊಳ್ಳುವ ಮೊದಲು

ಸಿಕ್ಲಿಡ್ ಅಂದರೆ ಯಾವ ಮೀನು? ಅಂಗಡಿಯಲ್ಲಿ ಒಂದೊಂದಕ್ಕೆ ಒಂದೊಂದು ಹೆಸರು ಹೇಳುತ್ತಾರೆ.

ಏಂಜಲ್, ಡಿಸ್ಕಸ್, ಆಸ್ಕರ್, ಫ್ಲವರ್‌ಹಾರ್ನ್, ಪ್ಯಾರಟ್, ರಾಮ್, ಕ್ರಿಬ್, ಹಳದಿ ಆಫ್ರಿಕನ್, ಇವೆಲ್ಲ ಒಂದೇ ಕುಟುಂಬದವು. ಮೀನು ಪೇಟೆಯ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಹೆಚ್ಚಿನವುಗಳ ಮೂಲ ದಕ್ಷಿಣ ಮತ್ತು ಮಧ್ಯ ಅಮೆರಿಕ, ಆಫ್ರಿಕ. ಭಾರತದ ಮೂಲದವು ಮೂರೇ ಮೂರು, ಅವುಗಳ ವಿಷಯ ಮುಂದೆ ಬರುತ್ತದೆ.

ಈ ಕುಟುಂಬದ ಗುಣವೆಂದರೆ ತತ್ತಿ ಮತ್ತು ಮರಿಗಳನ್ನು ಕಾಯುವುದು. ಕೆಲವು ಕಲ್ಲಿನ ಮೇಲೆ, ಕೆಲವು ಗುಹೆಯೊಳಗೆ ಕಾಯುತ್ತವೆ, ಕೆಲವು ಬಾಯಲ್ಲೇ ಇಟ್ಟುಕೊಳ್ಳುತ್ತವೆ. ಕಾಯುವ ಮೀನಿಗೆ ತನ್ನದೆಂಬ ಜಾಗ ಬೇಕು, ಆ ಜಾಗಕ್ಕಾಗಿ ಜಗಳ ಆಡುತ್ತದೆ. ಸಿಕ್ಲಿಡ್ ಸಾಕುವುದೆಂದರೆ ಈ ಜಾಗದ ಲೆಕ್ಕ ಹಾಕುವುದೇ.

ನಮ್ಮ ಹಾಲಿನಲ್ಲಿ ಮೂರಡಿ ಜಾಗ ಇದೆ. ಅಷ್ಟರಲ್ಲಿ ಆಗುತ್ತದೋ?

ಆಗುತ್ತದೆ, ಆದರೆ ಉದ್ದದಷ್ಟೇ ಅಗಲವನ್ನೂ ಗಮನಿಸಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 3 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿಗೆ 85 ಲೀಟರ್ ಮಾತ್ರ ಹಿಡಿಯುತ್ತದೆ. ಅದೇ ಮೂರಡಿಗೆ 18 ಇಂಚು ಅಗಲ, 18 ಇಂಚು ಎತ್ತರ ಇಟ್ಟು ಮಾಡಿಸಿದರೆ 190 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 160 ಲೀಟರಿನಷ್ಟು. ಸಿಕ್ಲಿಡ್ಡಿಗೆ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ, ಗಡಿ ಹಾಕಿಕೊಳ್ಳುವುದು ಅಲ್ಲೇ. ಏಂಜಲ್ ಮತ್ತು ಡಿಸ್ಕಸ್‌ಗೆ ಮಾತ್ರ ಎತ್ತರವೂ ಬೇಕು. 18 ಇಂಚು ಎತ್ತರದ ಮೂರಡಿ ಟ್ಯಾಂಕಿಗೆ 8 ಮಿ.ಮೀ. ಗಾಜು, ನಾಲ್ಕಡಿಗೆ 10 ಮಿ.ಮೀ. ಹಾಕಿಸಿ.

ಈ ಪುಟದಲ್ಲಿ ಮುಂದೆ ಬರುವ ಲೆಕ್ಕಗಳೆಲ್ಲ ಈ 160 ಲೀಟರ್ ನೀರಿಗೆ.

ಹಳೇ ಮನೆ, ಮೆತ್ತಿನ ಮೇಲೆ ಇಡಬಹುದೋ?

ಹಲಗೆಯ ಮೆತ್ತಿನ ಮೇಲೆ ಬೇಡ. 160 ಲೀಟರ್ ನೀರು, 30 ಕೆ.ಜಿ.ಗಿಂತ ಹೆಚ್ಚಿನ ಗಾಜು, 25–30 ಕೆ.ಜಿ. ಮರಳು ಸೇರಿ ಸ್ಟ್ಯಾಂಡು ಬಿಟ್ಟೇ 215 ಕೆ.ಜಿ. ದಾಟುತ್ತದೆ. ಈ ಭಾರ ನಾಲ್ಕು ಕಾಲಿನ ಮೇಲೆ ಹಗಲೂ ರಾತ್ರಿ ಇರುತ್ತದೆ. ಕೆಳಗಿನ ನೆಲದಲ್ಲಿ, ಗೋಡೆಗೆ ತಾಗಿಸಿ, ಬಿಸಿಲು ನೇರ ಬೀಳದ ಕಡೆ ಇಡಿ. ಟ್ಯಾಂಕಿನಡಿ 12 ಮಿ.ಮೀ. ಥರ್ಮಾಕೋಲ್ ಹಾಳೆ ಹಾಸಿ, ಅಂಕುಡೊಂಕಿದ್ದಲ್ಲಿ ಗಾಜು ಸೀಳುವುದು ತಪ್ಪುತ್ತದೆ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಸ್ಟ್ಯಾಂಡು ಬೆಸುಗೆ ಹಾಕಿದಲ್ಲೇ ಮೊದಲು ತುಕ್ಕು ಹಿಡಿಯುತ್ತದೆ. ಅಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸಿ ಮೇಲೆ ದಪ್ಪ ಪ್ಲೈವುಡ್ ಹಾಕುವುದು ನಂಬಿಕೆಯ ದಾರಿ.

ಟ್ಯಾಂಕು ತಂದ ದಿನವೇ ಮೀನು ಬಿಡಬಹುದೋ?

ಬೇಡ. ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯ ಫಿಲ್ಟರಿನಲ್ಲಿ ಬೆಳೆಯಲು 4ರಿಂದ 6 ವಾರ ಹಿಡಿಯುತ್ತದೆ. ಫಿಲ್ಟರ್ ಓಡಿಸಿಟ್ಟು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬನ್ನಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೇ ನಿಂತರೆ ಸಿದ್ಧ. ಗೊತ್ತಿದ್ದವರ ಮನೆಯಲ್ಲಿ ರೋಗವಿಲ್ಲದ ಹಳೆಯ ಟ್ಯಾಂಕಿದ್ದರೆ ಅವರ ಸ್ಪಂಜನ್ನು ನಿಮ್ಮ ಟ್ಯಾಂಕಿನಲ್ಲಿ ಹಿಂಡಿ, ಅರ್ಧದಷ್ಟು ದಿನ ಉಳಿಯುತ್ತದೆ.

## ನೀರು

ನಮ್ಮ ಬಾವಿ ನೀರು ಕುಡಿಯಲು ಬಹಳ ಚೊಲೋ. ಮೀನಿಗೂ ಹಾಗೇ ಹಾಕಬಹುದೋ?

ಹಾಕಬಹುದು, ಆದರೆ ಯಾವ ಮೀನಿಗೆ ಎನ್ನುವುದರ ಮೇಲಿದೆ. ನಮ್ಮ ಜಿಲ್ಲೆಯ ಚಿರೆಕಲ್ಲು ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಬಹಳ ಮೃದು, ತುಸು ಆಮ್ಲೀಯ. ಬೇಳೆ ಬೇಗ ಬೇಯುವ, ಸಾಬೂನು ಹೋಗದೆ ಜಾರುವ ನೀರು ಅದೇ. ಅಮೆಜಾನ್, ಒರಿನೊಕೊ ನದಿಗಳ ಕಡೆಯ ಏಂಜಲ್, ರಾಮ್, ಅಪಿಸ್ಟೋ, ಡಿಸ್ಕಸ್‌ಗೆ ಇಂಥದ್ದೇ ಬೇಕು. ಗಡಸು ನೀರಿನ ಊರಿನವರು ಆರ್‌ಒ ಯಂತ್ರ ಹಾಕಿ ಪಡೆಯುವ ನೀರು ನಿಮಗೆ ಹಗ್ಗ ಎಳೆದರೆ ಬರುತ್ತದೆ. ಮಲಾವಿ ಸರೋವರದ ಆಫ್ರಿಕನ್ ಮೀನಿಗೆ ಅದೇ ನೀರು ಹಾಗೇ ಹಾಕಿದರೆ ಕೆಲವೇ ತಿಂಗಳಲ್ಲಿ ಸೊರಗುತ್ತವೆ.

ಅಳೆಯುವಾಗ ಒಂದು ಎಚ್ಚರ. ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಕಡಿಮೆ ತೋರಿಸುತ್ತದೆ. ಕೊಡದಲ್ಲಿಟ್ಟು ಏರ್ ಪಂಪಿನಿಂದ 24 ಗಂಟೆ ಗುಳ್ಳೆ ಬಿಡಿಸಿ, ಆಮೇಲೆ ಬರುವ ಅಂಕೆಯೇ ಲೆಕ್ಕಕ್ಕೆ. ಪಿಎಚ್ ಜೊತೆಗೆ ಕೆಎಚ್ ಅಂದರೆ ಕಾರ್ಬೊನೇಟ್ ಗಡಸುತನವನ್ನೂ ಅಳೆಯಿರಿ. ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಪೆನ್ನು ಒಂದು ಕೈಯಲ್ಲಿರಲಿ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದುಂಟು. ಹಾಕಿದ ದಿನ ಕೇಳಿ ತಿಳಿದುಕೊಳ್ಳಿ, ಒಂದು ವಾರ ಆ ನೀರು ಮುಟ್ಟಬೇಡಿ. ತೀರಾ ಬೇಕಾದರೆ 100 ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಸಲ್ಫೇಟ್, ಅಂದರೆ ಅಂಗಡಿಯ ಆಂಟಿ-ಕ್ಲೋರಿನ್ ಹರಳು, ಕರಗಿಸಿ ಹಾಕಿ. ನಲ್ಲಿ ನೀರಿಗೆ ಸಾಮಾನ್ಯವಾಗಿ ಸಾಕಾಗುವ ಪ್ರಮಾಣವಿದು. ಆಗತಾನೆ ಪುಡಿ ಬಿದ್ದ ಬಾವಿಗೆ ಸಾಲದು.

ತೋಟದ ಕಾಲುವೆ ನೀರು, ಅಲ್ಲಿನ ಕಲ್ಲು, ಗಿಡ ತರಬಹುದೋ?

ಅಡಿಕೆ ತೋಟದ್ದಾದರೆ ಬೇಡ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ ಇರುತ್ತದೆ. ಅದರ ತಾಮ್ರ ಮಣ್ಣಲ್ಲಿ, ಹಾವಸೆಯಲ್ಲಿ, ಕಾಲುವೆಯ ತಳದಲ್ಲಿ ಕೂತಿರುತ್ತದೆ. ಮೃದು ನೀರಿನಲ್ಲಿ ತಾಮ್ರ ಗಡಸು ನೀರಿಗಿಂತ ಹೆಚ್ಚು ವಿಷ, ಮೀನಿನ ಕಿವಿರು ಮೊದಲು ಕೆಡುತ್ತದೆ. ಔಷಧಿ ಹೊಡೆದ ಬ್ಯಾರಲ್, ಬಕೆಟ್‌ಗಳಲ್ಲಿ ಟ್ಯಾಂಕಿನ ನೀರು ಹಿಡಿಯುವುದೂ ಅಷ್ಟೇ ಅಪಾಯ.

ಹೊಳೆಯ ನುಣುಪಾದ ಕರಿಗಲ್ಲು ಆಗಬಹುದು, ತೊಳೆದು ಬಿಸಿನೀರು ಹಾಕಿ ಬಳಸಿ. ಚಿರೆಕಲ್ಲು ನೀರಲ್ಲಿ ಪುಡಿ ಬಿಡುತ್ತ ಕೆಂಪು ರಾಡಿ ಮಾಡುತ್ತದೆ. ಕಡಲತೀರದ ಮರಳಿನಲ್ಲಿ ಚಿಪ್ಪಿನ ಚೂರಿರುತ್ತದೆ, ಮೇಲೆ ವಿನೆಗರ್ ಹಾಕಿ ನೋಡಿ: ಬುರುಗು ಬಂದರೆ ಅದು ಮೃದು ನೀರಿನ ಮೀನಿಗಲ್ಲ.

ಶಿರಸಿಯಲ್ಲಿ ಚಳಿ, ಕಾರವಾರದಲ್ಲಿ ಸೆಖೆ. ಹೀಟರ್ ಬೇಕೋ ಬೇಡವೋ?

ಘಟ್ಟದ ಮೇಲೆ ಬೇಕೇ ಬೇಕು. ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕು 20 ಡಿಗ್ರಿಗೂ ಕೆಳಗೆ ಇಳಿಯುತ್ತದೆ, ಸಿಕ್ಲಿಡ್ಡಿಗೆ 25ರಿಂದ 28 ಬೇಕು. 200 ವ್ಯಾಟ್‌ನ ಒಂದಕ್ಕಿಂತ 100 ವ್ಯಾಟ್‌ನ ಎರಡು ಹಾಕಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ. ಒಂದು ಆರದೆ ಉರಿಯುತ್ತ ಉಳಿದರೂ ಮೀನು ಬೇಯುವುದಿಲ್ಲ.

ಕರಾವಳಿಯಲ್ಲಿ ಹೀಟರ್ ಬೇಕಾಗುವುದು ಜೂನಿನಲ್ಲಿ. ಮೇ ಕೊನೆಗೆ 31–32 ಡಿಗ್ರಿ ಇದ್ದ ನೀರು ಮೊದಲ ಜೋರು ಮಳೆಗೆ ಎರಡೇ ದಿನದಲ್ಲಿ ನಾಲ್ಕೈದು ಡಿಗ್ರಿ ಇಳಿದಾಗ ಬಿಳಿಚುಕ್ಕೆ ರೋಗ ಏಳುತ್ತದೆ. 27ಕ್ಕೆ ಇಟ್ಟ ಹೀಟರ್ ಆ ಇಳಿತವನ್ನು ತಡೆಯುತ್ತದೆ. ಮೇ ಸೆಖೆಗೆ ನೀರಿನ ಮೇಲೆ ಸಣ್ಣ ಫ್ಯಾನು ಹಾಕಿದರೆ ನೀರು ಆರಿ ತಂಪಾಗುತ್ತದೆ. ಶಿರಸಿಯ ಒಣಗಾಳಿಯಲ್ಲಿ 2–3 ಡಿಗ್ರಿ ಇಳಿದರೆ ಕಾರವಾರದ ತೇವಗಾಳಿಯಲ್ಲಿ ಅಷ್ಟು ಇಳಿಯದು. ಹಾಗಾಗಿ ಅಲ್ಲಿ ಏರ್ ಪಂಪು ಹೆಚ್ಚಿಸಿ: 25 ಡಿಗ್ರಿಯಲ್ಲಿ ಲೀಟರಿಗೆ 8 ಮಿ.ಗ್ರಾಂ.ಗಿಂತ ತುಸು ಹೆಚ್ಚು ಹಿಡಿಯುವ ಆಮ್ಲಜನಕ 32 ಡಿಗ್ರಿಯಲ್ಲಿ ಸುಮಾರು 7.3ಕ್ಕೆ ಇಳಿಯುತ್ತದೆ.

## ಯಾವ ಮೀನು

ಮೊದಲ ಸಲ ಸಾಕುವವರು ನಾವು. ಒಂದೇ ಒಂದು ಹೆಸರು ಹೇಳಿ.

ಕ್ರಿಬೆನ್ಸಿಸ್, ಅಂದರೆ ಕ್ರಿಬ್. ಪಶ್ಚಿಮ ಆಫ್ರಿಕದ ಹೊಳೆ ಮೀನು. ಗಂಡು 10 ಸೆಂ.ಮೀ., ಹೆಣ್ಣು 7 ಸೆಂ.ಮೀ. ನಮ್ಮ ಬಾವಿ ನೀರಿಗೂ ಒಗ್ಗುತ್ತದೆ, ಸ್ವಲ್ಪ ಗಡಸಾದರೂ ತಡೆಯುತ್ತದೆ. ಹೆಣ್ಣು ಚಿಕ್ಕದಾದರೂ ಬಣ್ಣ ಅದಕ್ಕೇ ಹೆಚ್ಚು: ತತ್ತಿಗೆ ಬಂದಾಗ ಹೊಟ್ಟೆ ಮಾಗಿದ ಮುರುಗಲು ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ತೆಂಗಿನ ಗೆರಟೆಯೊಂದರ ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಕಂಡಿ ಮಾಡಿ, ಕುದಿಸಿ, ಮರಳಿನ ಮೇಲೆ ಬೋರಲು ಹಾಕಿ. ಜೋಡಿ ಅದರೊಳಗೇ ಸಂಸಾರ ಹೂಡುತ್ತದೆ. ಗೆರಟೆ ಒಂದಲ್ಲ, ಮೂರು ಇಡಿ.

ಏಂಜಲ್ ಎಷ್ಟು ಹಾಕಬಹುದು?

ಚಿಕ್ಕವು ಐದಾರು ತನ್ನಿ. ಎಂಟು ಹತ್ತು ತಿಂಗಳಲ್ಲಿ ಎರಡು ಜೋಡಿಯಾಗಿ ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟತೊಡಗುತ್ತವೆ. ಮೂರಡಿಯಲ್ಲಾದರೆ ಆಗ ಆ ಜೋಡಿ ಮಾತ್ರ ಉಳಿಸಿ ಬೇರೆಯವನ್ನು ಕೊಟ್ಟುಬಿಡಿ. ನಾಲ್ಕಡಿಯಲ್ಲಿ ಗಿಡ, ಬೇರು ದಟ್ಟವಾಗಿದ್ದರೆ ಐದು ಬಾಳಬಹುದು. ರೆಕ್ಕೆ ಸೇರಿ ಏಂಜಲ್ 20 ಸೆಂ.ಮೀ.ಗೂ ಎತ್ತರ ಬೆಳೆಯುತ್ತದೆ. ಒಂದಡಿ ಎತ್ತರದ ಟ್ಯಾಂಕಿನಲ್ಲಿ ಕೆಳಗಿನ ರೆಕ್ಕೆ ಮರಳಿಗೆ ಉಜ್ಜುತ್ತ ಡೊಂಕಾಗುತ್ತದೆ.

ನಿಯಾನ್ ಟೆಟ್ರಾ ಜೊತೆ ಹಾಕಬೇಡಿ. ಕಾಡಿನಲ್ಲಿ ಏಂಜಲ್‌ಗೆ ಅಂಥ ಮೀನೇ ಊಟ. ಬ್ಲ್ಯಾಕ್ ಸ್ಕರ್ಟ್, ಟೈಗರ್ ಬಾರ್ಬ್ ಇವು ಏಂಜಲಿನ ಉದ್ದ ರೆಕ್ಕೆ ಕಚ್ಚುತ್ತವೆ. ಲೆಮನ್ ಟೆಟ್ರಾದಂಥ ಮೈತುಂಬಿದ ಟೆಟ್ರಾ 10–12, ತಳಕ್ಕೆ ಕೋರಿಡೋರಾಸ್ 6, ಇಷ್ಟು ಹೊಂದುತ್ತದೆ.

ನೀಲಿ ರಾಮ್ ತಂದಾಗಲೆಲ್ಲ ಎರಡು ತಿಂಗಳಲ್ಲಿ ಸಾಯುತ್ತದೆ. ಯಾಕೆ?

ಕಾರಣ ಸಾಮಾನ್ಯವಾಗಿ ಮೂರು. ಮೊದಲನೆಯದು ತಂಪು: ಇದಕ್ಕೆ 27ರಿಂದ 30 ಡಿಗ್ರಿ ಬೇಕು, 24ರಲ್ಲಿ ಸೋಲುತ್ತದೆ. ಎರಡನೆಯದು ಹೊಸ ಟ್ಯಾಂಕು: ಕನಿಷ್ಠ ಮೂರು ತಿಂಗಳು ಹಳೆಯ, ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ. ದಾಟದ ನೀರು ಬೇಕು. ಮೂರನೆಯದು ಮೀನೇ ದುರ್ಬಲ: ಒಂದೇ ವಂಶದೊಳಗೆ ಬೆಳೆಸಿ, ಬಣ್ಣಕ್ಕಾಗಿ ಹಾರ್ಮೋನ್ ಕೊಟ್ಟು ಕಳಿಸಿದ ಮರಿ ಬಾಳುವುದಿಲ್ಲ. ಬೆರಳಿನ ಉಗುರಿನಷ್ಟು ಚಿಕ್ಕ ಮರಿಗೆ ಪೂರ್ಣ ಬಣ್ಣ ಬಂದಿದ್ದರೆ ಅನುಮಾನಿಸಿ.

ಶಿರಸಿಯವರಿಗೆ ನಮ್ಮ ಸಲಹೆ ಬೊಲಿವಿಯನ್ ರಾಮ್. ಬಣ್ಣ ಸೌಮ್ಯ, ಗಾತ್ರ 7–8 ಸೆಂ.ಮೀ., 23 ಡಿಗ್ರಿಯನ್ನೂ ತಡೆಯುತ್ತದೆ. ಎರಡೂ ರಾಮ್‌ಗಳು ಮರಳನ್ನು ಬಾಯಲ್ಲಿ ತುಂಬಿ ಕಿವಿರಿನಿಂದ ಸುರಿಸುತ್ತ ಆಹಾರ ಹುಡುಕುತ್ತವೆ, ಆದ್ದರಿಂದ ತಳಕ್ಕೆ ನುಣ್ಣನೆಯ ಹೊಳೆ ಮರಳು 4–5 ಸೆಂ.ಮೀ. ಹಾಕಿ, ಬಣ್ಣದ ಜಲ್ಲಿ ಬೇಡ.

ಆಸ್ಕರ್ ಎರಡಿಂಚಿನದು ಸಿಕ್ಕಿದೆ. ದೊಡ್ಡದಾದಾಗ ನೋಡಿಕೊಂಡರೆ ಆಗದೋ?

ಒಂದೇ ವರ್ಷದಲ್ಲಿ 20–25 ಸೆಂ.ಮೀ. ಆಗುತ್ತದೆ, ಆಮೇಲೆ 30 ದಾಟುತ್ತದೆ. 18 ಇಂಚು ಅಂದರೆ 45 ಸೆಂ.ಮೀ. ಅಗಲದಲ್ಲಿ ಅಷ್ಟುದ್ದದ ಮೀನು ತಿರುಗಲು ಬಾಲ ಮಡಚಬೇಕು. ಟ್ಯಾಂಕಿಗೆ ತಕ್ಕಂತೆ ಮೀನು ಕುಳ್ಳಾಗುತ್ತದೆ ಎನ್ನುವ ಮಾತನ್ನು ನಂಬಬೇಡಿ. ಅದು ಹೊಂದಾಣಿಕೆಯಲ್ಲ, ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು. ದೊಡ್ಡದಾದ ಆಸ್ಕರನ್ನು ತೆಗೆದುಕೊಳ್ಳುವವರೂ ಸಿಗುವುದಿಲ್ಲ. ಮಧ್ಯಮ ಟ್ಯಾಂಕಿಗೆ ಆಸ್ಕರ್ ಇಲ್ಲ.

ವಾಸ್ತುವಿಗೆ ಫ್ಲವರ್‌ಹಾರ್ನ್ ಒಳ್ಳೆಯದು ಅನ್ನುತ್ತಾರೆ...

ಅದು ಮನುಷ್ಯ ಬೆರೆಸಿ ಮಾಡಿದ ತಳಿ, 1990ರ ದಶಕದಲ್ಲಿ ಮಲೇಷ್ಯಾದಿಂದ ಹೊರಟಿತು. 30 ಸೆಂ.ಮೀ. ಬೆಳೆಯುತ್ತದೆ. ನಾಲ್ಕಡಿ ಟ್ಯಾಂಕಿನಲ್ಲಿ ಒಂದೇ ಒಂದು, ಬೇರೆ ಯಾವ ಮೀನೂ ಇಲ್ಲದೆ, ಎನ್ನುವುದಾದರೆ ಅಡ್ಡಿ ಇಲ್ಲ. ಮೂರಡಿಗೆ ಬೇಡ.

ರಕ್ತವರ್ಣದ ಪ್ಯಾರಟ್ ಕೂಡ ಬೆರಕೆಯೇ. ಅದರ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಆಹಾರಕ್ಕೆ ಪೈಪೋಟಿ ಮಾಡಲಾರದು, ಮುಳುಗುವ ಚಿಕ್ಕ ಉಂಡೆ ಕೊಡಬೇಕು. ನೇರಳೆ, ಹಸಿರು ಬಣ್ಣದವು ಬಣ್ಣ ತುಂಬಿಸಿದವು. ಹೃದಯದಾಕಾರದವುಗಳ ಬಾಲ ಕತ್ತರಿಸಿರುತ್ತಾರೆ. ದಯವಿಟ್ಟು ಅಂಥವನ್ನು ಕೊಳ್ಳಬೇಡಿ. ಕೊಳ್ಳುವವರು ಇರುವತನಕ ಕತ್ತರಿಸುವವರೂ ಇರುತ್ತಾರೆ.

ಹಳದಿ, ನೀಲಿ ಆಫ್ರಿಕನ್ ಮೀನು ಬಹಳ ಚಂದ. ನಮ್ಮ ನೀರಿಗೆ ಆಗುವುದೇ ಇಲ್ಲವೋ?

ಆಗುತ್ತದೆ, ನೀರನ್ನು ನೀವು ಮಾಡಿಕೊಡಬೇಕು. ಮಲಾವಿ ಮೀನಿಗೆ ಪಿಎಚ್ 7.8ರಿಂದ 8.6, ಕೆಎಚ್ 6ರಿಂದ 8 ಬೇಕು. ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪು ನಿಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಮಾಂಸ ಪೂರ್ತಿ ತೆಗೆದು, 15 ನಿಮಿಷ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಶೇಂಗಾ ಬೀಜದಷ್ಟು ಒಡೆಯಿರಿ. 160 ಲೀಟರಿಗೆ 2 ಕೆ.ಜಿ.ಯಷ್ಟು, ಸ್ವಲ್ಪ ಫಿಲ್ಟರಿನಲ್ಲಿ ಬಲೆಚೀಲ ಕಟ್ಟಿ, ಉಳಿದದ್ದು ಮರಳಿನ ಜೊತೆ. ಚಿಪ್ಪು ಮಾತ್ರ ಪಿಎಚ್ಚನ್ನು 7.5ರ ಆಸುಪಾಸಿಗೆ ತಂದು ನಿಲ್ಲುತ್ತದೆ. ಮುಂದಕ್ಕೆ ಅಡುಗೆ ಸೋಡಾ ಬೇಕು: 160 ಲೀಟರಿಗೆ 30 ಗ್ರಾಂ ಹಾಕಿದರೆ ಕೆಎಚ್ 6 ಡಿಗ್ರಿ ಏರುತ್ತದೆ. ನಾಲ್ಕು ದಿನಕ್ಕೆ ಹಂಚಿ ಹಾಕಿ. ಜೊತೆಗೆ ಎಪ್ಸಮ್ ಉಪ್ಪು 25 ಗ್ರಾಂ. ವಾರಕ್ಕೆ 50 ಲೀಟರ್ ಬದಲಿಸುವಾಗ ಹೊಸ ನೀರಿಗೆ ಸೋಡಾ 9–10 ಗ್ರಾಂ, ಎಪ್ಸಮ್ 8 ಗ್ರಾಂ ಮೊದಲೇ ಕರಗಿಸಿರಬೇಕು. ಈ ಕೆಲಸ ಪ್ರತಿ ವಾರ ತಪ್ಪದೆ ಮಾಡುವವರಿಗೆ ಮಾತ್ರ ಈ ಮೀನು.

ಅಂಗಡಿಯ ‘ಮಿಕ್ಸ್ ಆಫ್ರಿಕನ್’ ತೊಟ್ಟಿಯಿಂದ ಆರಿಸಬೇಡಿ. ಅದರಲ್ಲಿ ಆರೇಟಸ್‌ನಂಥ ಜಗಳಗಂಟ ಇದ್ದೇ ಇರುತ್ತದೆ, ಮೈ ಕಪ್ಪಾದ ಗಂಡು ಒಂದು ಉಳಿದವನ್ನೆಲ್ಲ ಮುಗಿಸುತ್ತದೆ. ಮೂರಡಿಗೆ ಯೆಲ್ಲೋ ಲ್ಯಾಬ್ ಒಂದೇ ಜಾತಿ, 8–10 ಮೀನು. ನಾಲ್ಕಡಿಗೆ ಅದರ ಜೊತೆ ಸೌಲೋಸಿ ಎಂಬ ಇನ್ನೊಂದು ಮಲಾವಿ ಮೀನು ಸೇರಿಸಬಹುದು, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಿನ ಲೆಕ್ಕದಲ್ಲಿ. ಅಮೆಜಾನಿನ ಮೀನಿನೊಂದಿಗೆ ಬೆರೆಸಬೇಡಿ, ಒಂದಕ್ಕೆ ಹಿತವಾದ ನೀರು ಇನ್ನೊಂದಕ್ಕೆ ಕೇಡು.

ನಮ್ಮ ಊರಿನದೇ ಸಿಕ್ಲಿಡ್ ಇದೆಯಂತೆ, ಹೌದೋ?

ಹೌದು, ಮತ್ತು ಹೆಚ್ಚು ಜನ ಸಾಕಬೇಕಾದ ಮೀನು ಅದೇ ಎಂದು ನಮ್ಮ ಖಚಿತ ಅಭಿಪ್ರಾಯ. ಭಾರತದ ಮೂರರಲ್ಲಿ ದೊಡ್ಡದು ಪರ್ಲ್‌ಸ್ಪಾಟ್, ಕೇರಳದವರ ಕರಿಮೀನು, ಗೋವಾ ಕೊಂಕಣಿಯ ಕಾಲುಂದರ್. 20 ಸೆಂ.ಮೀ. ಸಲೀಸಾಗಿ ಮೀರುವುದರಿಂದ ಮಧ್ಯಮ ಟ್ಯಾಂಕಿಗೆ ಹೆಚ್ಚಾಯಿತು. ಎರಡನೆಯದು ಕೆನರಾ ಪರ್ಲ್‌ಸ್ಪಾಟ್, 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಸಿದ್ದು, ದಕ್ಷಿಣ ಕನ್ನಡದ ನದಿಗಳದ್ದು. ಅಪರೂಪದ ಮೀನು, ಹೊಳೆಯಲ್ಲೇ ಇರಲಿ.

ಮೂರನೆಯದು ಆರೆಂಜ್ ಕ್ರೊಮೈಡ್, ಮಧ್ಯಮ ಟ್ಯಾಂಕಿಗೆ ಹೇಳಿ ಮಾಡಿಸಿದ್ದು. 8 ಸೆಂ.ಮೀ., ಚಪ್ಪಟೆ ದುಂಡು ಮೈ, ಮಾಗಿದ ಅಡಿಕೆಯ ಹಳದಿಗೆಂಪು, ಪಕ್ಕೆಯ ಮೇಲೆ ಕಪ್ಪು ಮಚ್ಚೆ. ಗುಂಪು ಮೀನು, ಒಂಟಿಯಾಗಿ ಮಂಕಾಗುತ್ತದೆ, 8 ತನ್ನಿ. ಇದರ ಮನೆ ಗಜನಿ ಗದ್ದೆಯಂಥ ಸಿಹಿ-ಉಪ್ಪು ಸೇರುವ ನೀರು. ಬರಿಯ ಮೃದು ಬಾವಿ ನೀರಲ್ಲಿ ಇಟ್ಟರೆ ಮೈಮೇಲೆ ಹತ್ತಿಯಂಥ ಬೂಷ್ಟು ಬರುತ್ತದೆ. ಲೀಟರಿಗೆ 3ರಿಂದ 6 ಗ್ರಾಂ ಉಪ್ಪಿರಲಿ. ಅಕ್ವೇರಿಯಂ ಕಡಲುಪ್ಪು ಸಿಗದಿದ್ದರೆ ಅಯೋಡಿನ್ ಸೇರಿಸದ ಸಾಣಿಕಟ್ಟಾದ ಹರಳುಪ್ಪಾದೀತು, ಜೊತೆಗೆ ಚಿಪ್ಪಿನ ಚೀಲ ಕಡ್ಡಾಯ. ಉಪ್ಪಿನಲ್ಲಿ ಕೆಎಚ್ ಇಲ್ಲ, ಅದನ್ನು ಚಿಪ್ಪು ಕೊಡುತ್ತದೆ. ಕಾರವಾರದವರು ಬಂದರು ಮತ್ತು ನದೀಮುಖದಿಂದ ದೂರ, ಡಿಸೆಂಬರ್‌ನಿಂದ ಮೇವರೆಗೆ ಹಿಡಿದ ಕಡಲ ನೀರನ್ನು ಬಟ್ಟೆಯಲ್ಲಿ ಸೋಸಿ, ಒಂದು ಪಾಲಿಗೆ ಆರೇಳು ಪಾಲು ಸಿಹಿನೀರು ಬೆರೆಸಬಹುದು.

ಮರಿ ಮಾಡಿದರೆ ಹತ್ತಿರ ಕೂತು ನೋಡಿ. ಈಜಲು ಕಲಿತ ಮರಿಗಳು ಅಪ್ಪ ಅಮ್ಮನ ಪಕ್ಕೆಗೆ ಒಂದೊಂದಾಗಿ ಬಂದು ತಾಗಿ, ಮೈಮೇಲಿನ ಲೋಳೆಯನ್ನು ಚಿವುಟಿ ತಿಂದು ಹಿಂದೆ ಸರಿಯುತ್ತವೆ. ದೊಡ್ಡ ಮೀನು ಅಲುಗದೆ ನಿಂತಿರುತ್ತದೆ.

ಡಿಸ್ಕಸ್?

ನೀರು ನಮ್ಮದು ಸರಿಯಾದದ್ದೇ. ಆದರೆ 28–30 ಡಿಗ್ರಿ, ಕನಿಷ್ಠ ಐದಾರರ ಗುಂಪು, ನಾಲ್ಕಡಿ ಟ್ಯಾಂಕು, ವಾರಕ್ಕೆ ಎರಡು ಮೂರು ಸಲ ನೀರು ಬದಲು, ಇಷ್ಟೂ ಬೇಕು. ಏಂಜಲನ್ನು ಎರಡು ವರ್ಷ ಚೆನ್ನಾಗಿ ಸಾಕಿದ ಮೇಲೆ ಯೋಚಿಸಿ.

## ಒಟ್ಟಿಗೆ ಬಾಳುವುದು

ಒಂದು ಮೀನು ಉಳಿದವನ್ನೆಲ್ಲ ಮೂಲೆಗೆ ಅಟ್ಟಿದೆ. ಏನು ಮಾಡಲಿ?

ಮೊದಲು ಅದು ತತ್ತಿ ಕಾಯುತ್ತಿದೆಯೋ ನೋಡಿ. ಕಾಯುತ್ತಿದ್ದರೆ ಟ್ಯಾಂಕಿನ ನಡುವೆ ಪ್ಲಾಸ್ಟಿಕ್ ಜಾಲರಿ ಅಡ್ಡ ಹಾಕಿ, ಮೂರು ವಾರ ಬಿಡಿ. ಕಾಯದೆ ಅಟ್ಟುತ್ತಿದ್ದರೆ ಅಟ್ಟುವುದನ್ನೇ ಹಿಡಿದು ಬೇರೆ ತೊಟ್ಟಿಯಲ್ಲಿ ನಾಲ್ಕೈದು ದಿನ ಇಡಿ. ಪೆಟ್ಟು ತಿಂದವನ್ನು ತೆಗೆದರೆ ಅದು ಇನ್ನೊಂದನ್ನು ಆರಿಸಿಕೊಳ್ಳುತ್ತದೆ. ಈ ನಡುವೆ ಕಲ್ಲು, ಗೆರಟೆ, ಬೇರುಗಳ ಜಾಗ ಪೂರ್ತಿ ಬದಲಿಸಿ, ಸಂಜೆ ದೀಪ ಆರಿಸಿದ ಮೇಲೆ ಮರಳಿ ಬಿಡಿ. ಹಳೆಯ ಗಡಿ ಗುರುತು ಸಿಗದೆ ಎಲ್ಲರೂ ಹೊಸದಾಗಿ ಶುರು ಮಾಡುತ್ತಾರೆ.

ಅಡ್ಡಗೋಡೆಯಂತೆ ನೋಟ ತಡೆಯುವ ಕಲ್ಲಿನ ಗುಡ್ಡ ಒಂದರ ಬದಲು ಎರಡಿರಲಿ, ನಡುವೆ ಬಯಲು ಬಿಡಿ. ಕಲ್ಲನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆ ಕೂರಿಸಿ ಆಮೇಲೆ ಮರಳು ಸುರಿಯಿರಿ. ಸಿಕ್ಲಿಡ್ ಬುಡ ತೋಡಿದರೆ ಕಲ್ಲು ಉರುಳಿ ಗಾಜು ಒಡೆಯುತ್ತದೆ.

ಮನೆಯಲ್ಲಿ ದಿನಾ ಮೀನು, ಸಿಗಡಿ ಬರುತ್ತದೆ. ಅದನ್ನೇ ಹಾಕಬಹುದೋ?

ವಾರಕ್ಕೊಂದು ಸಲ ಸಾಕು. ಸಿಪ್ಪೆ, ನರ ತೆಗೆದ ಸಿಗಡಿಯನ್ನು ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಸಾಕಿದ ಮೀನಿನ ಕಣ್ಣಿನ ಗಾತ್ರಕ್ಕೆ ಕೊಚ್ಚಿ, ತೊಳೆದು ಕೊಡಿ. ಒಣಸಿಗಡಿಯಲ್ಲಿ ಉಪ್ಪು, ಮರಳು ಎರಡೂ ಇರುತ್ತದೆ, ಅರ್ಧ ಗಂಟೆ ನೆನೆಸಿ ನೀರು ಚೆಲ್ಲಿ. ಉಳಿದ ದಿನ ಸಿಕ್ಲಿಡ್ ಪೆಲೆಟ್, ಎರಡು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆರಡು ಸಲ.

ಬಂಡೆಗಳ ನಡುವೆ ಬಾಳುವ ಮಲಾವಿ ಮೀನುಗಳಿಗೆ ಸಿಗಡಿ ಅಭ್ಯಾಸ ಮಾಡಿಸಬೇಡಿ. ಹಾವಸೆ ಕೆರೆದು ತಿನ್ನುವ ಉದ್ದ ಕರುಳು ಅವುಗಳದ್ದು, ಮಾಂಸ ಹೆಚ್ಚಾದರೆ ಹೊಟ್ಟೆ ಉಬ್ಬಿ, ಊಟ ಬಿಟ್ಟು, ಬಿಳಿ ದಾರದಂಥ ಹೊಲಸು ಹಾಕಿ ಸಾಯುತ್ತವೆ. ಅವಕ್ಕೆ ಸ್ಪಿರುಲಿನಾ ಪೆಲೆಟ್, ಬಿಸಿನೀರಲ್ಲಿ ಅದ್ದಿದ ಪಾಲಕ್, ಮೊಗೆಕಾಯಿಯ ತೆಳು ಹೋಳು.

## ಪಳಗಿದವರ ಪ್ರಶ್ನೆಗಳು

ಹುಬ್ಬಳ್ಳಿಯಿಂದ ಬಸ್ಸಲ್ಲಿ ಮೀನು ತಂದರೆ ಎರಡನೇ ದಿನ ಸಾಯುತ್ತವೆ. ದಾರಿಯ ಸುಸ್ತೋ?

ದಾರಿಗಿಂತ ನೀರಿನ ವ್ಯತ್ಯಾಸವೇ ಹೆಚ್ಚಿನ ಸಲ ಕಾರಣ. ಬಯಲುಸೀಮೆಯ ಬೋರ್ ನೀರಿನ ಟಿಡಿಎಸ್ 500 ದಾಟಿದ್ದರೆ ನಿಮ್ಮ ಬಾವಿಯದು 50ರ ಹತ್ತಿರ ಇರಬಹುದು. ಒಮ್ಮೆಲೇ ಮೃದು ನೀರಿಗೆ ಬಿದ್ದ ಮೀನಿನ ಮೈಯೊಳಗೆ ನೀರು ನುಗ್ಗುತ್ತದೆ, ಉಪ್ಪು ಹೊರಹೋಗುತ್ತದೆ. ಅಂಗಡಿಯಲ್ಲೇ ಟಿಡಿಎಸ್ ಅಳೆದುಕೊಳ್ಳಿ. ಮನೆಯಲ್ಲಿ 40 ಲೀಟರಿನ ಪ್ರತ್ಯೇಕ ತೊಟ್ಟಿಯ ನೀರಿಗೆ ಹರಳುಪ್ಪು, ಎಪ್ಸಮ್ ಹಾಕಿ ಅದೇ ಅಂಕೆಗೆ ತನ್ನಿ. ಮೀನನ್ನು ಅದರಲ್ಲಿ ಬಿಟ್ಟು, ದಿನಕ್ಕೆ ಐದು ಲೀಟರ್ ಬಾವಿ ನೀರು ಬದಲಿಸುತ್ತ ಹದಿನೈದು ದಿನದಲ್ಲಿ ಇಳಿಸಿ. ರೋಗ ನೋಡಲೂ ಆ ಹದಿನೈದು ದಿನ ಬೇಕು.

ಅಂಗಡಿಯವರಿಗೆ ಹಿಂದಿನ ದಿನ ಊಟ ಹಾಕಬೇಡಿ ಎನ್ನಿ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ, ಥರ್ಮಾಕೋಲ್ ಡಬ್ಬಿ. ನಾಲ್ಕು ತಾಸಿಗೂ ಹೆಚ್ಚು ದಾರಿಯಾಗಿದ್ದರೆ ಚೀಲ ಬಿಚ್ಚಿಟ್ಟು ಗಂಟೆಗಟ್ಟಲೆ ಹನಿ ಹನಿ ನೀರು ಸೇರಿಸಬೇಡಿ. ಚೀಲ ತೆರೆದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಅಷ್ಟೊತ್ತು ನಿರುಪದ್ರವಿಯಾಗಿದ್ದ ಅಮೋನಿಯಂ ವಿಷದ ಅಮೋನಿಯವಾಗುತ್ತದೆ. ಕಟ್ಟಿದ ಚೀಲವನ್ನೇ 20 ನಿಮಿಷ ತೇಲಿಸಿ, ಬಿಚ್ಚಿ, ಮೀನು ಮಾತ್ರ ಹಿಡಿದು ಬಿಡಿ. ಚೀಲದ ನೀರು ಚೆಲ್ಲಿ.

ಮಳೆಗಾಲದಲ್ಲಿ ಕರೆಂಟು ಹೋದರೆ ಮರುದಿನವೇ ಬರುವುದು. ಮೀನು ಉಳಿಯುತ್ತದೋ?

ಉಳಿಯುತ್ತದೆ. ಪವರ್ ಬ್ಯಾಂಕಿನಿಂದ ಓಡುವ ಯುಎಸ್‌ಬಿ ಏರ್ ಪಂಪು ಒಂದಿಟ್ಟುಕೊಳ್ಳಿ, ಅದಕ್ಕೆ ಸ್ಪಂಜು ಫಿಲ್ಟರ್ ಜೋಡಿಸಿ. ಕರೆಂಟು ಹೋದೊಡನೆ ಊಟ ನಿಲ್ಲಿಸಿ. ಆರೋಗ್ಯವಂತ ದೊಡ್ಡ ಮೀನಿಗೆ ಮೂರು ದಿನ ಉಪವಾಸ ಏನೂ ಅಲ್ಲ.

ಕರೆಂಟು ಬಂದಾಗ ಕ್ಯಾನಿಸ್ಟರ್ ಫಿಲ್ಟರನ್ನು ಹಾಗೇ ಚಾಲೂ ಮಾಡಬೇಡಿ. ಮುಚ್ಚಿದ ಡಬ್ಬಿಯಲ್ಲಿ ನಾಲ್ಕೈದು ತಾಸು ನಿಂತ ನೀರಿನಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯ ಸಾಯತೊಡಗಿರುತ್ತದೆ. ಬಿಚ್ಚಿ, ಆ ನೀರು ಹೊರಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಲ್ಲೇ ಅದ್ದಿ ತೊಳೆದು ಆಮೇಲೆ ಹಾಕಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮುಂದಿನ ಒಂದು ವಾರ ದಿನವೂ ಅಮೋನಿಯ ಅಳೆಯಿರಿ.

ವರ್ಷದಿಂದ ಎಲ್ಲ ಚೊಲೋ ಇತ್ತು. ಹೆಚ್ಚು ನೀರು ಬದಲಿಸಿದ್ದೇ ತಡ, ಮೀನು ಮೇಲೆ ಬಂದು ಏದುಸಿರು ಬಿಟ್ಟವು.

ಕೆಎಚ್ ಇಲ್ಲದ ನೀರಿನ ದೊಡ್ಡ ಅಪಾಯ ಇದೇ. ಹೊಲಸಿನ ಆಮ್ಲವನ್ನು ತಡೆಯುವ ಕಾರ್ಬೊನೇಟ್ ಇಲ್ಲದೆ ಪಿಎಚ್ ತಿಂಗಳುಗಟ್ಟಲೆ ಸದ್ದಿಲ್ಲದೆ ಇಳಿಯುತ್ತದೆ. 6ಕ್ಕೂ ಕೆಳಗೆ ಹೋದಾಗ ಬ್ಯಾಕ್ಟೀರಿಯದ ಕೆಲಸ ತೀರ ನಿಧಾನವಾಗಿ ಅಮೋನಿಯಂ ಕೂಡುತ್ತದೆ. ಆಮ್ಲ ನೀರಿನಲ್ಲಿ ಅದು ಮೀನನ್ನು ಕೊಲ್ಲುವುದಿಲ್ಲ. ನೀವು ಒಮ್ಮೆಲೇ ಪಿಎಚ್ 7.5ರ ನೀರು ಅರ್ಧ ಟ್ಯಾಂಕು ಹಾಕಿದಾಗ ಅಥವಾ ಸೋಡಾ ಸುರಿದಾಗ ಅದು ಅಮೋನಿಯವಾಗಿ ತಿರುಗುತ್ತದೆ.

ಹಾಗಾದಾಗ ಟ್ಯಾಂಕಿನ ಪಿಎಚ್ಚನ್ನೇ ಹೋಲುವ ನೀರಿನಿಂದ ದಿನಕ್ಕೆ ಶೇ. 10ರಂತೆ ಬದಲಿಸುತ್ತ ಬನ್ನಿ, ಊಟ ನಿಲ್ಲಿಸಿ. ಮುಂದೆ ಬಾರದಿರಲು ವಾರಕ್ಕೆ ಶೇ. 25–30 ನೀರು ತಪ್ಪದೆ ಬದಲಿಸಿ, ಫಿಲ್ಟರಿನಲ್ಲಿ ಎರಡು ಹಿಡಿ ಬಳಚಿನ ಚಿಪ್ಪಿನ ಚೂರು ಕಾಯಂ ಇಡಿ. ಅಷ್ಟಕ್ಕೆ ಏಂಜಲ್, ಕ್ರಿಬ್‌ಗೆ ತೊಂದರೆಯಿಲ್ಲ. ತೀರದ ಕಾಡುಬಾದಾಮಿಯ ಒಣ ಎಲೆ ಹಾಕುವವರು ಇದನ್ನು ಮರೆಯಬಾರದು, ಎಲೆಯ ಕಂದು ಸತ್ವವೂ ಆಮ್ಲೀಯವೇ.

ಕ್ರಿಬ್ ಮರಿಗಳೆಲ್ಲ ಗಂಡೇ ಆಗಿವೆ. ಯಾಕೆ ಹೀಗೆ?

ಮರಿಯಾದ ಮೊದಲ ತಿಂಗಳ ಪಿಎಚ್ ಕ್ರಿಬೆನ್ಸಿಸ್‌ನ ಲಿಂಗದ ಮೇಲೆ ಪ್ರಭಾವ ಬೀರುತ್ತದೆ. ಆಮ್ಲ ನೀರಿನಲ್ಲಿ ಗಂಡು ಹೆಚ್ಚು, 7ರ ಆಸುಪಾಸಿನಲ್ಲಿ ಸಮತೋಲ. ಮುಂದಿನ ಸಲ ತತ್ತಿಗೆ ಮೊದಲೇ ಚಿಪ್ಪಿನ ಚೀಲ ಇಟ್ಟು 6.8–7ಕ್ಕೆ ತನ್ನಿ.

ಮರಿಗಳಿಗೆ ಏನು ಕೊಡಲಿ? ಪುಡಿ ಆಹಾರ ತಿನ್ನುತ್ತಿಲ್ಲ.

ಆಗತಾನೆ ಒಡೆದ ಆರ್ಟೀಮಿಯ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿ. ಲೀಟರಿಗೆ 25–30 ಗ್ರಾಂ ಉಪ್ಪಿನ ನೀರು, ಬುಡದಿಂದ ಗಾಳಿ, 27–28 ಡಿಗ್ರಿ, ದೀಪದ ಬೆಳಕು. ಅದರ ತತ್ತಿ 24ರಿಂದ 36 ಗಂಟೆಯಲ್ಲಿ ಒಡೆಯುತ್ತವೆ. ಕರಾವಳಿಯವರು ಬೇಸಿಗೆಯ ಕಡಲ ನೀರನ್ನೇ ಸೋಸಿ ಬಳಸಬಹುದು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿ ಕೆಳಗೆ ಸೇರುತ್ತದೆ. ಕೆಳಗಿನದನ್ನು ಮಾತ್ರ ಸಪೂರ ನಳಿಗೆಯಿಂದ ಎಳೆದು, ಬಟ್ಟೆಯಲ್ಲಿ ಸಿಹಿನೀರಿನಿಂದ ತೊಳೆದು ಕೊಡಿ. ಮರಿಗಳ ಹೊಟ್ಟೆ ಕಿತ್ತಳೆಯಾಗಿ ಕಂಡರೆ ತಿಂದಿವೆ. ದಿನಕ್ಕೆ ಮೂರು ನಾಲ್ಕು ಸಲ.

ಮೀನು ದೊಡ್ಡದಾಯಿತು, ಸಾಕಲಾಗದು. ಕಾಳಿ ನದಿಗೆ ಬಿಟ್ಟರೆ ಪಾಪ ಬದುಕಿಕೊಳ್ಳುತ್ತದಲ್ಲ?

ಬದುಕುತ್ತದೆ ಎನ್ನುವುದೇ ಭಯ. ತಿಲಾಪಿಯಾವನ್ನು 1952ರಲ್ಲಿ ಭಾರತಕ್ಕೆ ತಂದರು, ಇಂದು ಕೆರೆ, ಹೊಳೆ, ಅಳಿವೆ ಎಲ್ಲೆಡೆ ಅದು ತುಂಬಿಕೊಂಡಿದೆ. ಮರಿ ಕಾಯುವ, ಜಾಗ ಹಿಡಿಯುವ ಗುಣವೇ ಅದಕ್ಕೆ ಬಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಊರ ಕೆರೆ, ದೇವಸ್ಥಾನದ ಪುಷ್ಕರಣಿ ಯಾವುದಕ್ಕೂ ಬಿಡಬೇಡಿ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಹೊಳೆಗೆ ದಾರಿ ಆಗುತ್ತದೆ. ಮಾರಿದ ಅಂಗಡಿಗೆ ಮರಳಿಸಿ, ದೊಡ್ಡ ಟ್ಯಾಂಕಿದ್ದವರಿಗೆ ಪುಕ್ಕಟೆ ಕೊಡಿ. ಯಾರೂ ಸಿಗದಿದ್ದರೆ ಲವಂಗದೆಣ್ಣೆಯಿಂದ ನೋವಿಲ್ಲದೆ ಮುಗಿಸಬೇಕಾಗುತ್ತದೆ: ಲೀಟರಿಗೆ 10 ಹನಿ, ಸ್ವಲ್ಪ ಬಿಸಿನೀರಿನೊಂದಿಗೆ ಬಾಟಲಿಯಲ್ಲಿ ಕಲಕಿ ಹಾಲಿನಂತಾದ ಮೇಲೆ ಹಾಕಿ, ಕಿವಿರಿನ ಅಲುಗಾಟ ನಿಂತ ನಂತರವೂ ಅರ್ಧ ಗಂಟೆ ಅದರಲ್ಲೇ ಇಡಿ. ಟ್ಯಾಂಕಿನ ಹಳೆ ನೀರು, ಕತ್ತರಿಸಿದ ಗಿಡ ಕೂಡ ಕಾಲುವೆಗೆ ಹೋಗದೆ ತೆಂಗಿನ ಬುಡಕ್ಕೆ ಹೋಗಲಿ, ಉಪ್ಪು ಹಾಕಿದ ನೀರಾದರೆ ಗಿಡಮರವಿಲ್ಲದ ನೆಲಕ್ಕೆ.